ಲಟ್ಟಣಿಗೆ ಏಟಿಗೆ ನಗಿಸುವವರಿಗೆ ಒಂದು ಬಹಿರಂಗ ಪತ್ರ

ಕನ್ನಡ ವಾರಪತ್ರಿಕೆಗಳ ಸಂಪಾದಕರಿಗೆ, ವ್ಯಂಗ್ಯಚಿತ್ರಕಾರರಿಗೆ, ಟಿವಿ ಕಾಮಿಡಿ ಶೋಗಳಿಗೆ ಸ್ಕಿಟ್ ಬರೆಯುವವರಿಗೆ, ಮೊಬೈಲಿನಲ್ಲಿ ರೀಲ್ಸ್ ಮಾಡಿ ಹಾಕುವ ಹುಡುಗ ಹುಡುಗಿಯರಿಗೆ ನಮಸ್ಕಾರ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಿಯಾದವಳು. ಕೆಲಸದ ಬಹುಪಾಲು ಕ್ಯಾಶುವಲ್ಟಿಯಲ್ಲೇ ಕಳೆಯಿತು. ನಿಮ್ಮ ಓದುಗರಲ್ಲಿ ಒಬ್ಬಳು, ನಿಮ್ಮ ಶೋಗಳನ್ನು ಮನೆಮಂದಿ ಜೊತೆ ಕೂತು ನೋಡುವವಳು. ದೀಪಾವಳಿ ವಿಶೇಷಾಂಕ ಕೈಗೆ ಬಂದರೆ ಮೊದಲು ಹುಡುಕುವುದು ಕಾರ್ಟೂನ್ ಪುಟಗಳನ್ನೇ. ನಗುವುದು ಬೇಡ ಎನ್ನುವವಳ ಪತ್ರ ಇದು ಅಂತ ದಯವಿಟ್ಟು ತಿಳಿಯಬೇಡಿ. ನನ್ನ ಕೋರಿಕೆ ಒಂದೇ. ಹೆಂಡತಿ ಗಂಡನಿಗೆ ಹೊಡೆಯುವುದನ್ನು, ಸುಡುವುದನ್ನು, ಹೆದರಿಸಿ ಇಟ್ಟುಕೊಳ್ಳುವುದನ್ನು ತಮಾಷೆಯ ಸರಕು ಮಾಡಬೇಡಿ. ಇಷ್ಟು ಹೇಳಿ ಸುಮ್ಮನಾದರೆ ನಿಮಗೆ ಇದು ಸಣ್ಣ ವಿಷಯಕ್ಕೆ ದೊಡ್ಡ ಗಲಾಟೆ ಅನ್ನಿಸಬಹುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಆ ಚಿತ್ರ ನಿಮಗೂ ಗೊತ್ತು, ನನಗೂ ಗೊತ್ತು. ಗೋಡೆ ಗಡಿಯಾರದಲ್ಲಿ ರಾತ್ರಿ ಹನ್ನೆರಡು. ಗಂಡ ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ನಡೆಯುತ್ತಾ ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ಹೆಂಡತಿ. ದಪ್ಪ ಮೈ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಲಟ್ಟಣಿಗೆ. ಪಕ್ಕದ ಚೌಕದಲ್ಲಿ ಗಂಡನ ತಲೆ ಮೇಲೆ ಕೋಳಿಮೊಟ್ಟೆ ಗಾತ್ರದ ಬುಗುಟು, ಸುತ್ತ ನಾಲ್ಕು ನಕ್ಷತ್ರ. ಇಲ್ಲವೇ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಆಫೀಸಿಗೆ ಬಂದವನನ್ನು ನೋಡಿ ಪಕ್ಕದ ಟೇಬಲ್‌ನವನು 'ಏನಯ್ಯಾ, ನಿನ್ನೆ ಸಂಬಳ ಪೂರ್ತಿ ಮನೆಗೆ ಕೊಡಲಿಲ್ವಾ?' ಎಂದು ಕೇಳುವ ಚಿತ್ರ. ಗಂಡ ಮಂಚದ ಕೆಳಗೆ ಅಡಗಿ ಕೂತು 'ಈ ಮನೆಗೆ ನಾನೇ ಯಜಮಾನ, ಹೊರಗೆ ಬರಲ್ಲ ಅಂದ್ರೆ ಬರಲ್ಲ' ಎನ್ನುವ ಜೋಕಂತೂ ನನ್ನ ತಂದೆ ಕಾಲದ್ದು. ಈಗಲೂ ವಾಟ್ಸಾಪಿನಲ್ಲಿ ತಿರುಗುತ್ತಿದೆ.

ಈ ಲಟ್ಟಣಿಗೆಗೆ ನೂರು ವರ್ಷ ದಾಟಿದ ಚರಿತ್ರೆಯಿದೆ. ಅಮೆರಿಕದ ಪತ್ರಿಕೆಗಳಲ್ಲಿ 1913ರಲ್ಲಿ ಜಾರ್ಜ್ ಮೆಕ್‌ಮ್ಯಾನಸ್ ಎನ್ನುವವರು 'ಬ್ರಿಂಗಿಂಗ್ ಅಪ್ ಫಾದರ್' ಎಂಬ ಚಿತ್ರಸರಣಿ ಶುರು ಮಾಡಿದರು. ಜಿಗ್ಸ್ ಐರಿಷ್ ಮೂಲದ ಕೂಲಿಯವನು. ಲಾಟರಿ ಹೊಡೆದು ಸಾಹುಕಾರನಾಗುತ್ತಾನೆ. ಹೆಂಡತಿ ಮ್ಯಾಗಿಗೆ ದೊಡ್ಡವರ ಸಹವಾಸ ಬೇಕು. ಅವನಿಗೆ ಹಳೆಯ ಗೆಳೆಯರು, ಹಳೆಯ ಹೋಟೆಲಿನ ಕೋಸು ಮತ್ತು ಮಾಂಸದ ಊಟವೇ ಬೇಕು. ಅವನು ಕದ್ದು ಹೋಗುತ್ತಾನೆ, ಸಿಕ್ಕಿಬೀಳುತ್ತಾನೆ, ಮ್ಯಾಗಿ ತಟ್ಟೆ ಎಸೆಯುತ್ತಾಳೆ, ಲಟ್ಟಣಿಗೆ ಬೀಸುತ್ತಾಳೆ. ಈ ಸರಣಿ 2000ನೇ ಇಸವಿಯವರೆಗೆ ನಡೆಯಿತು. ಎಂಬತ್ತೇಳು ವರ್ಷ ಒಬ್ಬ ಗಂಡ ಏಟು ತಿಂದ, ಲೋಕ ನಕ್ಕಿತು.

ಇಂಗ್ಲೆಂಡಿನ ಕಥೆ ಇನ್ನೂ ಗಮನಿಸುವಂಥದ್ದು. ಅಲ್ಲಿ 1957ರಲ್ಲಿ 'ಡೈಲಿ ಮಿರರ್' ಪತ್ರಿಕೆಯಲ್ಲಿ ರೆಗ್ ಸ್ಮೈಥ್ ಅವರ 'ಆಂಡಿ ಕ್ಯಾಪ್' ಬಂತು. ಆಂಡಿ ಕೆಲಸ ಮಾಡದ ಕುಡುಕ. ಅವನ ಹೆಂಡತಿ ಫ್ಲೋ ದುಡಿದು ಮನೆ ನಡೆಸುವವಳು. ಮೊದಮೊದಲ ಚಿತ್ರಗಳಲ್ಲಿ ಆಂಡಿ ಹೆಂಡತಿಗೆ ಹೊಡೆಯುವುದೂ ಜೋಕೇ ಆಗಿತ್ತು. ಕಾಲ ಬದಲಾಯಿತು. ಹೆಂಡತಿಗೆ ಹೊಡೆಯುವುದರಲ್ಲಿ ನಗುವಂಥದ್ದು ಏನೂ ಇಲ್ಲ ಅಂತ ಜನರಿಗೆ ಅನ್ನಿಸತೊಡಗಿತು. ಬರಬರುತ್ತಾ ಆ ಚಿತ್ರಗಳು ಮರೆಯಾದವು. ಗಂಡ ಹೆಂಡತಿ ಇಬ್ಬರೂ ಕೌನ್ಸೆಲರ್ ಎದುರು ಕೂತಿರುವ ಚಿತ್ರಗಳು ಬಂದವು. ಆದರೆ ಕುಡಿದು ಬಂದ ಆಂಡಿಗಾಗಿ ಬಾಗಿಲಲ್ಲಿ ಕಾದು ನಿಂತ ಫ್ಲೋ ಕೈಯಲ್ಲಿ ಲಟ್ಟಣಿಗೆ ಹಾಗೇ ಉಳಿಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಜೋಕು ಬದಲಾಗುತ್ತದೆ. ಒಂದು ಕಾಲಕ್ಕೆ ನಗಿಸಿದ್ದು ಇನ್ನೊಂದು ಕಾಲಕ್ಕೆ ನಗಿಸುವುದಿಲ್ಲ. ಪತ್ರಿಕೆಯವರೂ ಚಿತ್ರಕಾರರೂ ಮನಸ್ಸು ಮಾಡಿದ್ದರಿಂದ ಅರ್ಧ ಬದಲಾಯಿತು. ಇನ್ನರ್ಧ ಬಾಕಿ ಇದೆ.

ನಮ್ಮಲ್ಲಿಗೆ ಈ ಚಿತ್ರ ಬಂದಿದ್ದು ಇಂಗ್ಲಿಷ್ ಪತ್ರಿಕೆಗಳ ದಾರಿಯಲ್ಲೇ ಇರಬೇಕು ಅಂತ ನನ್ನ ಅಂದಾಜು. ಕಲಬುರಗಿ, ವಿಜಯಪುರದ ಕಡೆ ಜೋಳದ ರೊಟ್ಟಿಯನ್ನು ಕೈಯಲ್ಲಿ ಬಡಿಯುತ್ತಾರೆ. ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಾರೆ. ಹಳೆ ಮೈಸೂರಿನ ಕಡೆ ಮುದ್ದೆ ಕೋಲು ಇಲ್ಲದ ಮನೆಯಿಲ್ಲ. ಆದರೂ ಕಾರ್ಟೂನಿನ ಹೆಂಡತಿಗೆ ಮಾತ್ರ ಯಾವ ಊರಲ್ಲೂ ಲಟ್ಟಣಿಗೆಯೇ. ಹಾಗಂತ ನಮಗೆ ನಮ್ಮದೇ ಆದ ಕಥೆಗಳು ಇರಲಿಲ್ಲ ಅಂತಲ್ಲ. ಸಂತ ತುಕಾರಾಮರ ಕಬ್ಬಿನ ಕಥೆ ಹರಿಕಥೆಯಲ್ಲಿ ಕೇಳದವರು ನಮ್ಮ ತಲೆಮಾರಿನಲ್ಲಿ ಕಡಿಮೆ. ಯಾರೋ ಕೊಟ್ಟ ಕಬ್ಬಿನ ಹೊರೆ ಹೊತ್ತು ಬರುವಾಗ ದಾರಿಯಲ್ಲಿ ಮಕ್ಕಳು ಕೇಳುತ್ತವೆ. ತುಕಾರಾಮರು ಕೊಡುತ್ತಾ ಬರುತ್ತಾರೆ. ಮನೆ ಮುಟ್ಟುವಾಗ ಉಳಿದದ್ದು ಒಂದೇ ಜಲ್ಲೆ. ಹೆಂಡತಿ ಅದನ್ನೇ ಕಿತ್ತುಕೊಂಡು ಬೆನ್ನಿಗೆ ಬಾರಿಸುತ್ತಾಳೆ, ಕಬ್ಬು ಎರಡು ತುಂಡಾಗುತ್ತದೆ. ಅವರು ನಗುತ್ತಾ 'ನಿನಗೊಂದು ನನಗೊಂದು ಆಯ್ತು' ಎನ್ನುತ್ತಾರೆ. ದಾಸರು ಅಲ್ಲಿ ತಾಳ ಹಾಕಿ ನಿಲ್ಲಿಸುತ್ತಿದ್ದರು, ಜನ ಚಪ್ಪಾಳೆ ಹೊಡೆಯುತ್ತಿದ್ದರು. ಸಂತನ ತಾಳ್ಮೆ ದೊಡ್ಡದು, ಒಪ್ಪೋಣ. ಆದರೆ ಮನೆಯಲ್ಲಿ ಹಸಿದ ಮಕ್ಕಳನ್ನು ಇಟ್ಟುಕೊಂಡ ಆ ಹೆಂಗಸಿನ ಕಷ್ಟ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಬೆನ್ನಿನ ನೋವೂ ಬೇಕಿರಲಿಲ್ಲ. ಒಳ್ಳೆಯ ಗಂಡ ಅಂದರೆ ಏಟು ತಿಂದು ನಗುವವನು ಅಂತ ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಈಗ ಟಿವಿಗೆ ಬರೋಣ. ನಮ್ಮ ಕಾಮಿಡಿ ಶೋಗಳಲ್ಲಿ ಹೆಂಡತಿ ಪಾತ್ರವನ್ನು ಎಷ್ಟೋ ಸಲ ಸೀರೆ ಉಟ್ಟ ಗಂಡಸರೇ ಮಾಡುತ್ತಾರೆ. ನಟರಾಗಿ ಅವರು ಒಳ್ಳೆಯವರು, ಶ್ರಮ ಪಡುತ್ತಾರೆ, ಅವರ ಮೇಲೆ ನನಗೆ ದೂರಿಲ್ಲ. ಆದರೆ ಇದರಿಂದ ಆಗುವುದನ್ನು ಗಮನಿಸಿ. ಕಟ್ಟುಮಸ್ತಾದ ತೋಳು ಬೀಸಿ ಬೀಳುತ್ತದೆ. ಗಂಡನ ಪಾತ್ರದವನು ಸ್ಟೇಜಿನ ಆ ತುದಿಗೆ ಹೋಗಿ ಬೀಳುತ್ತಾನೆ. ಹಿಂದಿನಿಂದ 'ಢಿಶುಂ' ಅಂತಲೋ ತಮಟೆ ಬಡಿದ ಹಾಗೋ ಸದ್ದು. ಕ್ಯಾಮೆರಾ ತಕ್ಷಣ ತೀರ್ಪುಗಾರರ ಕಡೆ ತಿರುಗುತ್ತದೆ. ಅವರು ಹೊಟ್ಟೆ ಹಿಡಿದು ನಗುತ್ತಿರುತ್ತಾರೆ. ಅದನ್ನೇ ಮೂರು ಸಲ ನಿಧಾನಗತಿಯಲ್ಲಿ ತೋರಿಸುತ್ತಾರೆ. ಹೊಡೆತ ತಿಂದವನ ಮುಖ ಮಾತ್ರ ಒಂದು ಗಳಿಗೆಯೂ ಕ್ಯಾಮೆರಾದಲ್ಲಿ ನಿಲ್ಲುವುದಿಲ್ಲ. ಸಿನಿಮಾದ ಕಾಮಿಡಿ ಟ್ರ್ಯಾಕ್‌ನಲ್ಲೂ ಅಷ್ಟೇ. ಹೀರೋ ಏಟು ತಿಂದರೆ ಅದು ಕಥೆ. ಅವನ ಪಕ್ಕದ ಕಾಮಿಡಿ ನಟ ಹೆಂಡತಿ ಕೈಲಿ ಏಟು ತಿಂದರೆ ಜನ ಸ್ವಲ್ಪ ನಗಲಿ ಅಂತ. ರೀಲ್ಸ್ ಮಾಡುವ ದಂಪತಿಗಳಲ್ಲಿ ಗಂಡನ ಕೆನ್ನೆಗೆ ನಿಜವಾಗಿಯೇ ಹೊಡೆದು ಲೈಕ್ ಎಣಿಸುವವರೂ ಇದ್ದಾರೆ. ಕೆಳಗೆ ಸಾಲು ಸಾಲು ನಗುವ ಮುಖಗಳು.

ಕ್ಯಾಶುವಲ್ಟಿಯಲ್ಲಿ ನಾನು ಕಂಡದ್ದು ಬೇರೆ. ಅದನ್ನು ಗುರುತು ಸಿಗದ ಹಾಗೆ ಹೇಳುತ್ತೇನೆ.

ಮನೆಯಲ್ಲಿ ಏಟು ತಿಂದು ಬರುವ ಹೆಂಗಸರು ಸಾಮಾನ್ಯವಾಗಿ 'ಬಚ್ಚಲಲ್ಲಿ ಜಾರಿ ಬಿದ್ದೆ' ಎನ್ನುತ್ತಿದ್ದರು. ಅವರ ಸಂಖ್ಯೆ ಬಹಳ ಜಾಸ್ತಿ. ನಮಗೆಲ್ಲ ಅದು ಅರ್ಥವಾಗುತ್ತಿತ್ತು. ಗಂಡನನ್ನು ಆಚೆ ಕಳಿಸಿ, ಪರದೆ ಎಳೆದು ಮೆಲ್ಲಗೆ ಕೇಳುವುದು ನಮಗೆ ರೂಢಿಯಾಗಿತ್ತು. ಗಂಡಸರು ಬಂದರೆ 'ಬೈಕಿಂದ ಬಿದ್ದೆ' ಎನ್ನುತ್ತಿದ್ದರು. ಬೈಕಿಂದ ಬಿದ್ದವನ ಅಂಗೈ ತರಚಿರುತ್ತದೆ, ಮಂಡಿ ತರಚಿರುತ್ತದೆ, ಪ್ಯಾಂಟ್ ಹರಿದಿರುತ್ತದೆ, ಗಾಯದಲ್ಲಿ ಮಣ್ಣಿರುತ್ತದೆ. ಮುಖ ಮುಚ್ಚಿಕೊಳ್ಳಲು ಕೈ ಅಡ್ಡ ಹಿಡಿದವನಿಗೆ ಮುಂಗೈಯ ಹೊರಮೈಯಲ್ಲಿ ಏಟು ಇರುತ್ತದೆ. ಕೆಲವು ವರ್ಷ ಡ್ರೆಸ್ಸಿಂಗ್ ಮಾಡಿದ ಯಾವ ನರ್ಸಿಗಾದರೂ ಇದು ಕಣ್ಣಿಗೆ ಬೀಳುತ್ತದೆ.

ಒಂದು ಸಂಜೆ ಬಂದವರಿಗೆ ಸುಮಾರು ನಲವತ್ತು ವರ್ಷ. ಒಳ್ಳೆಯ ಕೆಲಸದಲ್ಲಿದ್ದವರು. ಇಸ್ತ್ರಿ ಮಾಡಿದ ಶರ್ಟು, ಆದರೆ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದರು. ಜೊತೆಯಲ್ಲಿ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಓದುವ ಮಗಳು. ಸಾರಿನ ಪಾತ್ರೆ ಇಳಿಸುವಾಗ ಚೆಲ್ಲಿಕೊಂಡೆ ಅಂದರು. ಶರ್ಟು ಬಿಡಿಸಿ ನೋಡಿದರೆ ಕುತ್ತಿಗೆಯ ಹಿಂಭಾಗದಿಂದ ಬಲ ಹೆಗಲಿನ ಕೆಳಗಿನವರೆಗೆ ಚರ್ಮ ಬೊಬ್ಬೆ ಎದ್ದಿದೆ. ಬೇಳೆಕಾಳು ಇನ್ನೂ ಬನಿಯನ್ನಿಗೆ ಅಂಟಿತ್ತು. ಎದೆಯ ಮೇಲೆ, ಕೈ ಮೇಲೆ ಒಂದು ಹನಿ ಇಲ್ಲ. ಒಲೆ ಎದುರು ನಿಂತು ಪಾತ್ರೆ ಇಳಿಸುವವನಿಗೆ ಬೆನ್ನು ಸುಡುವುದು ಹೇಗೆ?

ಪಕ್ಕದಲ್ಲಿದ್ದ ಅಟೆಂಡರ್ ಅವರ ಬೆನ್ನು ನೋಡಿದ. ಒಳ್ಳೆಯ ಹುಡುಗ, ರಾತ್ರಿಯೆಲ್ಲ ಸ್ಟ್ರೆಚರ್ ತಳ್ಳುವವನು, ರೋಗಿಗಳಿಗೆ ತನ್ನ ದುಡ್ಡಲ್ಲಿ ಟೀ ತಂದುಕೊಡುವವನು. ಅವನ ಬಾಯಲ್ಲೂ ಬಂದದ್ದು ಆ ಮಾತೇ: 'ಏನ್ ಸಾರ್, ಮನೇಲಿ ಅಮ್ಮಾವ್ರು ಗರಂ ಆಗಿದ್ರಾ?' ಡ್ಯೂಟಿ ಡಾಕ್ಟರ್ ನಕ್ಕರು. ಪಕ್ಕದ ಬೆಂಚಿನಲ್ಲಿ ಕೂತಿದ್ದವರು ನಕ್ಕರು. ಬೆನ್ನು ಸುಟ್ಟುಕೊಂಡವರೂ ನಕ್ಕರು, ಎಲ್ಲರಿಗಿಂತ ಜೋರಾಗಿ. ಆ ಹುಡುಗಿ ನಗಲಿಲ್ಲ. ಅಪ್ಪನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು.

ನಾನು ಅವರನ್ನು ಡ್ರೆಸ್ಸಿಂಗ್ ರೂಮಿಗೆ ಕರೆದುಕೊಂಡು ಹೋದೆ. ತಣ್ಣೀರು ಹಾಯಿಸಿ, ಬೇಳೆ ತೆಗೆದು, ಮುಲಾಮು ಹಚ್ಚುತ್ತಾ ಹೆಂಗಸರಿಗೆ ಕೇಳುವ ಹಾಗೇ ಕೇಳಿದೆ: 'ಯಾರು ಎರಚಿದ್ದು?' ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಬೇಡ ಬಿಡಿ ಸಿಸ್ಟರ್, ಇಲ್ಲೇ ನಕ್ಕರು, ಇನ್ನು ಸ್ಟೇಷನ್ನಿನಲ್ಲಿ ಬಿಡ್ತಾರಾ' ಅಂದರು. ಗಾಯ ಎಲ್ಲಿದೆ, ಹೇಗಿದೆ ಅಂತ ಸರಿಯಾಗಿ ಬರೆಯಿರಿ ಅಂತ ಡಾಕ್ಟರ ಹತ್ತಿರ ಹಟ ಹಿಡಿದು ಬರೆಸಿದೆ. ಆದರೆ ಪುಸ್ತಕದಲ್ಲಿ ಕಾರಣದ ಎದುರು ಅವರು ಹೇಳಿದ್ದೇ ಉಳಿಯಿತು: ಆಕಸ್ಮಿಕ.

ಡ್ರೆಸ್ಸಿಂಗ್ ಬದಲಿಸಲು ಬರುತ್ತಾ ಬರುತ್ತಾ ಸ್ವಲ್ಪ ಸ್ವಲ್ಪ ಹೇಳಿದರು. ಸಂಬಳದ ಕಾರ್ಡು ಅವರ ಹತ್ತಿರ ಇರಲಿಲ್ಲ. ಊರಿನಲ್ಲಿದ್ದ ತಾಯಿಗೆ ಫೋನ್ ಮಾಡಬೇಕಾದರೆ ಆಫೀಸಿನ ಹತ್ತಿರದ ಅಂಗಡಿಗೆ ಹೋಗುತ್ತಿದ್ದರು. ಮಗಳ ಎದುರು ಕೆನ್ನೆಗೆ ಹೊಡೆತ ಬೀಳುತ್ತಿತ್ತು. ಒಮ್ಮೆ ಸೌಟು, ಒಮ್ಮೆ ಬಿಸಿ ಸಾರು. ತಿರುಗಿ ಕೈ ಎತ್ತಿದರೆ ತಾನೇ ಅಪರಾಧಿ ಆಗುತ್ತೇನೆ, ಬಿಟ್ಟು ಹೋದರೆ ಮಗಳ ಗತಿ ಏನು ಅಂತ ಅವರ ಚಿಂತೆ. ಅಣ್ಣನ ಹತ್ತಿರ ಒಂದು ಸಲ ಹೇಳಿದ್ದರಂತೆ. ಅಣ್ಣ, 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಕಣೋ, ನೀನು ಸ್ವಲ್ಪ ಗಂಡಸಾಗು' ಅಂದರಂತೆ. ಮುಂದಿನ ಹಬ್ಬಕ್ಕೆ ಮನೆಮಂದಿಯೆಲ್ಲ ಸೇರಿದಾಗ ಅದೇ ಎಲ್ಲರ ಬಾಯಲ್ಲಿ ತಮಾಷೆಯಾಯಿತಂತೆ. ಅಲ್ಲಿಂದ ಮೇಲೆ ಅವರು ಯಾರಿಗೂ ಹೇಳಿರಲಿಲ್ಲ.

ನಿಮ್ಮ ಜೋಕಿನ ಬಗ್ಗೆ ನನ್ನ ದೂರು ಇಲ್ಲಿದೆ. ಕಾರ್ಟೂನ್ ನೋಡಿ ಯಾರೂ ಗಂಡನ ಬೆನ್ನಿಗೆ ಸಾರು ಎರಚುವುದಿಲ್ಲ. ಹಾಗಂತ ನಾನು ಹೇಳುವುದೂ ಇಲ್ಲ. ಆದರೆ ಆ ಅಟೆಂಡರ್, ಆ ಡಾಕ್ಟರು, ಆ ಅಣ್ಣ, ಇವರಿಗೆಲ್ಲ ಆ ಗಳಿಗೆಯಲ್ಲಿ ಏನು ಹೇಳಬೇಕು ಅಂತ ಮೊದಲೇ ಯಾರೋ ಕಲಿಸಿಟ್ಟಿದ್ದರು. ಗಾಯ ಕಂಡ ತಕ್ಷಣ ಬಾಯಿಗೆ ಬಂದದ್ದು ವಿಶೇಷಾಂಕದಲ್ಲಿ ಓದಿದ ಮಾತು, ಶೋನಲ್ಲಿ ಕೇಳಿದ ಮಾತು. ಏಟು ತಿಂದವರಿಗೂ ತಮ್ಮ ಪಾಲಿನ ಮಾತು ಗೊತ್ತಿತ್ತು: ನಗಬೇಕು. ಸಾಕ್ರಟೀಸನ ತಲೆ ಮೇಲೆ ಹೆಂಡತಿ ನೀರು ಸುರಿದ ಕಥೆ ಹೇಳಿ ನಮ್ಮ ಮೇಷ್ಟ್ರು ಕ್ಲಾಸಿನಲ್ಲಿ ನಗಿಸುತ್ತಿದ್ದರು. ನಾವೂ ಚಿಕ್ಕಂದಿನಿಂದ ಅದೇ ಪಾಠ ಕಲಿತವರು, ಅಲ್ವಾ?

ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಈ ಪತ್ರ ತಪ್ಪು ಕೈಗೆ ಸಿಗುತ್ತದೆ. ಮನೆಯೊಳಗಿನ ಹಿಂಸೆಯ ಬಹುದೊಡ್ಡ ಭಾರ ಹೊರುತ್ತಿರುವವರು ಹೆಂಗಸರೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 18ರಿಂದ 49 ವರ್ಷದೊಳಗಿನ ಮದುವೆಯಾದ ಹೆಂಗಸರ ಪೈಕಿ ದೇಶದಲ್ಲಿ ನೂರಕ್ಕೆ 29ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ನಮ್ಮ ಕರ್ನಾಟಕದಲ್ಲಿ ಅದು ನೂರಕ್ಕೆ 44. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಗಂಡಸರಲ್ಲಿ ನೂರಕ್ಕೆ 82ರಷ್ಟು ಜನ, ಒಂದಲ್ಲ ಒಂದು ಕಾರಣಕ್ಕೆ ಹೆಂಡತಿಗೆ ಹೊಡೆಯುವುದು ಸರಿ ಅಂದರು. ಓದಿ ನನಗೆ ಊಟ ಸೇರಲಿಲ್ಲ. ಗಂಡ ಕೈ ಎತ್ತದಿದ್ದಾಗಲೂ ತಾವಾಗಿ ಹೊಡೆದಿದ್ದೇವೆ ಅಂತ ಹೇಳಿದ ಹೆಂಗಸರು ದೇಶದಲ್ಲಿ ನೂರಕ್ಕೆ ಸುಮಾರು 4. ಈ ಪ್ರಶ್ನೆಯನ್ನೂ ಕೇಳಿದ್ದು ಹೆಂಗಸರನ್ನೇ. 'ನಿಮ್ಮ ಹೆಂಡತಿ ನಿಮಗೆ ಹೊಡೆಯುತ್ತಾರಾ' ಅಂತ ಆ ಸಮೀಕ್ಷೆ ಗಂಡಸರನ್ನು ಕೇಳುವುದಿಲ್ಲ.

ನಾಲ್ಕು ಸಣ್ಣ ಸಂಖ್ಯೆ. ಆದರೆ ನೂರಕ್ಕೆ ನಾಲ್ಕು ಮನೆ ಅಂದರೆ ಪ್ರತಿ ಬಡಾವಣೆಯಲ್ಲೂ ಒಂದು ಮನೆ ಸಿಗುತ್ತದೆ. ಅವರೆಲ್ಲ ನಿಮ್ಮ ಶೋ ನೋಡುವವರೇ.

ಈ ಹಾಸ್ಯ ಹೆಂಗಸರಿಗೆ ಒಳ್ಳೆಯದು ಮಾಡಿದೆಯೇ ಅಂತ ನೋಡಿದರೆ ಅದೂ ಇಲ್ಲ. ಕಾರ್ಟೂನಿನಲ್ಲಿ ಹೊಡೆಯುವ ಹೆಂಡತಿ ಯಾವಾಗಲೂ ದಪ್ಪ, ಕಪ್ಪು, ಬಾಯಿಬಡುಕಿ. ಅವಳಿಗೆ ಸಿಟ್ಟು ಬರಲು ಕಾರಣವೇ ಇರುವುದಿಲ್ಲ. ಇದ್ದರೂ ಸೀರೆ, ಒಡವೆ, ಅಷ್ಟೇ. ನಿಜದ ಊರಿನಲ್ಲಿ ಸೊಂಟದ ಮೇಲೆ ಬಾಸುಂಡೆ ಹೊತ್ತು ನಡೆಯುವವರು ಹೆಂಗಸರು. ಪತ್ರಿಕೆಯ ಊರಿನಲ್ಲಿ ತಲೆ ಮೇಲೆ ಬುಗುಟು ಹೊತ್ತವನು ಗಂಡ. ಹೀಗೆ ಚಿತ್ರ ತಲೆಕೆಳಗಾದ್ದರಿಂದಲೇ ಅದು ಜೋಕಾಗಿ ಕೆಲಸ ಮಾಡುತ್ತದೆ. ಓದುವ ಗಂಡಸಿಗೆ 'ನಾವೇ ಪಾಪ, ನಮ್ಮನ್ನು ಕೇಳುವವರಿಲ್ಲ' ಎನ್ನುವ ಸುಖ ಸಿಗುತ್ತದೆ. ರಾತ್ರಿ ಹೆಂಡತಿಗೆ ಹೊಡೆದವನೂ ಬೆಳಗ್ಗೆ ಅದನ್ನು ಗೆಳೆಯರಿಗೆ ಫಾರ್ವರ್ಡ್ ಮಾಡುತ್ತಾನೆ. ನಿಜವಾಗಿ ಏಟು ತಿಂದ ಹೆಂಗಸಿಗೂ ಈ ಜೋಕು ಮೋಸ, ನಿಜವಾಗಿ ಏಟು ತಿಂದ ಗಂಡಸಿಗೂ ಮೋಸ. ಇಬ್ಬರ ನೋವೂ ಅದರಲ್ಲಿ ಕರಗಿಹೋಗುತ್ತದೆ.

ನಗು ಬಿಟ್ಟರೆ ನಮ್ಮ ಮಾಧ್ಯಮಕ್ಕೆ ಗೊತ್ತಿರುವುದು ಕೂಗಾಟ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಒಬ್ಬ ಯುವ ಎಂಜಿನಿಯರ್ ಜೀವ ಕಳೆದುಕೊಂಡಾಗ ಏನಾಯಿತು ನೆನಪಿಸಿಕೊಳ್ಳಿ. ಆ ಪ್ರಕರಣದ ಸರಿತಪ್ಪು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ನಿನ್ನೆಯವರೆಗೆ ಹೆಂಡತಿಯ ಏಟಿಗೆ ನಗಿಸುತ್ತಿದ್ದ ತೆರೆಯಲ್ಲೇ ಮರುದಿನದಿಂದ ಹೆಂಗಸರನ್ನೆಲ್ಲ ಸೇರಿಸಿ ಬೈಯುವ ಚರ್ಚೆಗಳು ಶುರುವಾದವು. ಕೆಂಪು ಅಕ್ಷರ, ಗುಡುಗಿನ ಸದ್ದು. ವರ್ಷಕ್ಕೆ ಎಷ್ಟು ಗಂಡಸರು ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ ಅಂತ ಅಂಕಿಅಂಶ ಎರಚಿದರು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಜನ, ಅದರಲ್ಲಿ ನೂರಕ್ಕೆ 72ರಷ್ಟು ಗಂಡಸರು. ಎಲ್ಲಕ್ಕಿಂತ ಜಾಸ್ತಿ ದಾಖಲಾದ ಕಾರಣ 'ಕೌಟುಂಬಿಕ ಸಮಸ್ಯೆ'. ಇದು ನಿಜ. ಆದರೆ ಕೌಟುಂಬಿಕ ಸಮಸ್ಯೆ ಅಂದರೆ ಹೆಂಡತಿಯ ಹಿಂಸೆ ಅಂತಲ್ಲ. ಆಸ್ತಿ ಜಗಳವೂ ಅದರಲ್ಲಿರಬಹುದು, ಅಪ್ಪ ಮಗನ ಮನಸ್ತಾಪವೂ ಇರಬಹುದು. ಆ ಸಂಖ್ಯೆಯನ್ನು ಪೂರ್ತಿ ಹೆಂಡತಿಯರ ತಲೆಗೆ ಕಟ್ಟಿದವರು ಬೆನ್ನು ಸುಟ್ಟುಕೊಂಡ ಆ ಮನುಷ್ಯನಿಗೆ ಯಾವ ಸಹಾಯವನ್ನೂ ಮಾಡಲಿಲ್ಲ. ಅವರ ಸಿಟ್ಟಿಗೆ ಅವನೊಂದು ನೆಪವಾದ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಂಗಸರ ರಕ್ಷಣೆಗೆ ಇರುವುದು. ಮೇಲಿನ ಸಂಖ್ಯೆ ನೋಡಿದರೆ ಅದು ಏಕೆ ಬೇಕು ಅಂತ ಯಾರೂ ಕೇಳಬಾರದು. ಗಂಡಸರಿಗೆ ಅಂಥದ್ದು ಇಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಹೊಡೆದು ಗಾಯ ಮಾಡುವುದು ಯಾರು ಮಾಡಿದರೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 115ನೇ ಕಲಂ ಅದಕ್ಕಿದೆ. ಬೆಂಕಿಯಿಂದಲೋ ಬಿಸಿ ಪದಾರ್ಥದಿಂದಲೋ ಗಾಯ ಮಾಡಿದರೆ 118ನೇ ಕಲಂ, 3 ವರ್ಷದವರೆಗೆ ಶಿಕ್ಷೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಗಂಡನೂ ಕೇಳಬಹುದು, ಹೆಂಡತಿಯೂ ಕೇಳಬಹುದು. ಆ ಬಾಗಿಲವರೆಗೆ ನಡೆದು ಹೋಗಲು ಕಾಲು ಬರಬೇಕಲ್ಲ. ದಾರಿಯಲ್ಲಿ ನಗುವವರು ಸಾಲಾಗಿ ನಿಂತಿರುತ್ತಾರೆ.

ಬೇರೆ ಥರ ತೋರಿಸಲು ಸಾಧ್ಯವೇ ಅಂತ ನೀವು ಕೇಳಬಹುದು. ಸಾಧ್ಯ. ಆಂಡಿ ಕ್ಯಾಪ್‌ನ ಇಂಗ್ಲೆಂಡಿನಲ್ಲೇ ಆಗಿದೆ. ಅಲ್ಲಿ 2015ರಲ್ಲಿ ಒಂದು ಕಾನೂನು ಜಾರಿಗೆ ಬಂತು. ಸಂಗಾತಿಯನ್ನು ಹೆದರಿಸಿ, ಒಂಟಿ ಮಾಡಿ, ಹಿಡಿತದಲ್ಲಿ ಇಟ್ಟುಕೊಳ್ಳುವುದನ್ನು ಅದು ಅಪರಾಧ ಅಂತ ಮಾಡಿತು. ಗಂಡು ಹೆಣ್ಣು ಎಂಬ ಭೇದ ಅದರಲ್ಲಿಲ್ಲ. 2018ರಲ್ಲಿ ಲೂಟನ್ ಕೋರ್ಟು ಈ ಅಪರಾಧಕ್ಕೂ ತೀವ್ರ ಗಾಯ ಮಾಡಿದ್ದಕ್ಕೂ ಸೇರಿಸಿ 22 ವರ್ಷದ ಒಬ್ಬ ಯುವತಿಗೆ ಏಳೂವರೆ ವರ್ಷ ಜೈಲು ವಿಧಿಸಿತು. ಆ ಕಾನೂನಿನಡಿ ಆ ದೇಶದಲ್ಲಿ ಶಿಕ್ಷೆಯಾದ ಮೊದಲ ಹೆಂಗಸು ಆಕೆ. ಸಂಗಾತಿಯ ಮೈಮೇಲೆ ಕುದಿಯುವ ನೀರು ಸುರಿದಿದ್ದಳು, ಚಾಕುವಿನಿಂದ ಗಾಯ ಮಾಡಿದ್ದಳು, ಊಟ ತಪ್ಪಿಸಿದ್ದಳು, ಮನೆಯವರಿಂದ ದೂರ ಮಾಡಿದ್ದಳು. ಅವನೂ ಮೊದಲು ತಾನೇ ಗಾಯ ಮಾಡಿಕೊಂಡೆ ಅಂತಲೇ ಹೇಳುತ್ತಿದ್ದ. ನೆರೆಮನೆಯವರು ಕೂಗಾಟ ಕೇಳಿ ಫೋನ್ ಮಾಡಿದರು. ಬಂದ ಪೊಲೀಸರು ನಗಲಿಲ್ಲ. ಅವನನ್ನು ಆಕೆಯಿಂದ ಬೇರೆ ಕರೆದುಕೊಂಡು ಹೋಗಿ ಮತ್ತೆ ಮತ್ತೆ ಕೇಳಿದರು. ಮರುವರ್ಷ ಬಿಬಿಸಿ ಅವನ ಕಥೆಯನ್ನು ಅವನ ಬಾಯಲ್ಲೇ ಹೇಳಿಸಿ ಸಾಕ್ಷ್ಯಚಿತ್ರ ಮಾಡಿತು. ಅದರಲ್ಲಿ ಗುಡುಗಿನ ಸದ್ದಿಲ್ಲ, ಹೆಂಗಸರ ಜಾತಿಗೇ ಬೈಗುಳವಿಲ್ಲ. ಒಬ್ಬ ಹುಡುಗನ ಮುಖ ಇದೆ, ಅವನ ಅಪ್ಪ ಅಮ್ಮನ ಮುಖ ಇದೆ, ಪೊಲೀಸರ ಕ್ಯಾಮೆರಾದಲ್ಲಿ ಸೆರೆಯಾದ ಆ ರಾತ್ರಿ ಇದೆ. ನೋಡುವವರಿಗೆ ಅಷ್ಟು ಸಾಕಾಯಿತು.

ನಿಮ್ಮಿಂದ ನಾನು ಬಯಸುವುದೂ ಈ ದಾರಿಯದ್ದೇ. ಕಾರ್ಟೂನ್ ನಿಷೇಧಿಸಿ ಅಂತ ಯಾರಿಗೂ ಅರ್ಜಿ ಹಾಕುವವಳಲ್ಲ ನಾನು. ಗಂಡ ಹೆಂಡತಿಯ ಮೇಲೆ ಎಷ್ಟು ಬೇಕಾದರೂ ಹಾಸ್ಯ ಮಾಡಿ. ತಿಂಗಳ ಕೊನೆಯ ಲೆಕ್ಕ, ಟಿವಿ ರಿಮೋಟಿನ ಕಿತ್ತಾಟ, ತವರಿಗೆ ಹೋದ ಹೆಂಡತಿ ಬರುವಷ್ಟರಲ್ಲಿ ಕೆಟ್ಟು ನಿಂತ ಅಡುಗೆಮನೆ, ಎಲ್ಲ ಇದೆ. ನಮ್ಮ ಬೀchiಯವರ ಕಾಲದಿಂದ ಕನ್ನಡದ ಮಾತಿನಲ್ಲೇ ನಗಿಸುವ ಶಕ್ತಿ ಎಷ್ಟಿದೆ! ಒಂದು ಏಟಿನ ಆಸರೆ ಅದಕ್ಕೆ ಬೇಕಿಲ್ಲ. ಸ್ಕಿಟ್ ಬರೆಯುವಾಗ ಒಂದು ಪ್ರಯೋಗ ಮಾಡಿ ನೋಡಿ. ಹೊಡೆಯುವವನು ಗಂಡ, ತಿನ್ನುವವಳು ಹೆಂಡತಿ ಅಂತ ಬದಲಿಸಿ. ಬರೆಯಲು ಕೈ ಬರದಿದ್ದರೆ ಆ ಸಾಲನ್ನು ಮೊದಲಿನ ರೂಪದಲ್ಲೂ ಬಿಟ್ಟುಬಿಡಿ.

ಸಂಪಾದಕರಿಗೆ ಇನ್ನೊಂದು ಮಾತು. ಆರೋಗ್ಯ ಪುಟದಲ್ಲಿ, ಪ್ರಶ್ನೋತ್ತರದಲ್ಲಿ 'ನನ್ನ ಹೆಂಡತಿ ನನಗೆ ಹೊಡೆಯುತ್ತಾಳೆ' ಅಂತ ಯಾರಾದರೂ ಬರೆದರೆ ಅದಕ್ಕೆ ಚಮತ್ಕಾರದ ಉತ್ತರ ಕೊಡಿಸಬೇಡಿ. ಬೇರೆ ರೋಗದ ಪತ್ರಕ್ಕೆ ಎಷ್ಟು ಗೌರವವೋ ಇದಕ್ಕೂ ಅಷ್ಟೇ ಕೊಡಿ. ಕೆಳಗೆ 14416 ಅಂತ ಅಚ್ಚು ಹಾಕಿ. ಅದು ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ನಡೆಯುತ್ತಿದೆ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ 112. ಈ ಎರಡು ಸಂಖ್ಯೆ ಶೋನ ಕೊನೆಯಲ್ಲಿ ತೆರೆಯ ಕೆಳಗೆ ಓಡಿದರೂ ಸಾಕು, ಯಾರೋ ಒಬ್ಬರು ಬರೆದಿಟ್ಟುಕೊಳ್ಳುತ್ತಾರೆ.

ಧಾರಾವಾಹಿ ಬರೆಯುವವರಲ್ಲಿ ಒಬ್ಬರಾದರೂ ಈ ಕಥೆಯನ್ನು ನೇರವಾಗಿ ಬರೆಯಬೇಕು ಅಂತ ನನ್ನ ಆಸೆ. ಹೆಂಡತಿಯನ್ನು ರಾಕ್ಷಸಿ ಮಾಡದೆ, ಗಂಡನನ್ನು ದೇವರು ಮಾಡದೆ. ಹೊಡೆಯುವ ಹೆಂಗಸಿನ ಒಳಗೆ ಏನು ನಡೆಯುತ್ತಿದೆ ಅಂತಲೂ ನೋಡುತ್ತಾ. ಆ ಮನೆಯ ಮಗು ಏನು ನೋಡುತ್ತದೆ, ಯಾವ ಹೊತ್ತಿಗೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ ಅಂತಲೂ.

ಹಾಗೆ ಬರೆಯಲು ಕೂತವರಿಗೆ ವಿವರ ಬೇಕಾಗುತ್ತದೆ. ಸುಟ್ಟ ಗಾಯ ಎಷ್ಟು ದಿನಕ್ಕೆ ಹೇಗೆ ಬದಲಾಗುತ್ತದೆ, ಪೊಲೀಸ್ ಕೇಸಾಗಬಹುದಾದ ಗಾಯಗಳನ್ನು ಆಸ್ಪತ್ರೆಯಲ್ಲಿ ದಾಖಲಿಸುವ ಎಂಎಲ್‌ಸಿ ಪುಸ್ತಕದಲ್ಲಿ ಯಾರು ಏನು ಬರೆಯುತ್ತಾರೆ, ಠಾಣೆಗೆ ತಿಳಿಸುವುದು ಹೇಗೆ, ಸುಳ್ಳು ಹೇಳುವಾಗ ಗಂಡಸು ಎಲ್ಲಿ ನೋಡುತ್ತಾನೆ, ಏನು ಕೇಳಿದರೆ ಬಾಯಿ ಬಿಡುತ್ತಾನೆ, ಇವೆಲ್ಲ ನನಗೆ ಗೊತ್ತು. ಹೆಸರು, ಊರು ಬಿಟ್ಟು ಉಳಿದದ್ದೆಲ್ಲ ಹೇಳುತ್ತೇನೆ. ಈ ಪತ್ರ ಹಾಕಿದವರ ಮೂಲಕ ಒಂದು ಮಾತು ತಿಳಿಸಿ, ನಾನೇ ಬರುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ನಿವೃತ್ತ ಸ್ಟಾಫ್ ನರ್ಸ್